ಸಾಹೇಬ್ರು ಒಮ್ಮೆ ಚೀಟಿ ಸಾಲಿನ್ಯಾಗ ನಿಲ್ಲಲಿ

ದವಾಖಾನಿ ಆಡಳಿತ ಸುಧಾರಿಸಾಕ ಸಿಬ್ಬಂದಿಗೆ ನಾಟಕದ ಶಿಬಿರ ಮಾಡ್ರಿ ಅಂತ ನಿಮ್ಮ ಲೇಖನದಾಗ ಬರದೀರಿ, ಖರೆ ಮಾತು. ಹೋದ ವರ್ಷ ನಮ್ಮವ್ವನ್ನ ಹುಬ್ಬಳ್ಳಿಯ ಒಂದು ದವಾಖಾನಿಗೆ ಕರಕೊಂಡು ಹೋಗಿದ್ದೆ. ಚೀಟಿ ಕೆಳಗ, ರಕ್ತ ತಪಾಸಣಿ ಮಹಡಿ ಮ್ಯಾಲ, ರೊಕ್ಕ ಕಟ್ಟಾಕ ಮತ್ತ ಕೆಳಗ. ಮೊಳಕಾಲ ನೋವಿನಾಕಿ ಮೂರು ಸಲ ಮೆಟ್ಟಲ ಹತ್ತಿದ್ಲು. ಶಿಬಿರದ ನಾಟಕದಾಗ ನಮ್ಮವ್ವನ ಪಾತ್ರ ದವಾಖಾನಿ ಸಾಹೇಬ್ರಿಗೇ ಕೊಡ್ರಿ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಲ್ 1970ರ ದಶಕದಾಗ ಕಟ್ಟಿದ ಫೋರಂ ಥಿಯೇಟರ್‌ನ್ಯಾಗ, ನೋಡಾಕ ಕುಂತವರೇ ‘ನಿಲ್ಲಸ್ರಿ’ ಅಂದು ರಂಗಕ್ಕೇರಿ ಕತಿ ಬದಲಿಸ್ತಾರ. ಆದ್ರ ಮುಂದಿನ ಸಾಲಿನ್ಯಾಗ ಸಾಹೇಬ್ರು ಕುಂತಿದ್ರ ವಾರ್ಡಿನ ಆಯಾ ಬಾಯಿ ಬಿಡ್ತಾಳೇನ್ರಿ? ಕಲಿಸೋರಿಗೇನು ಬರಗಾಲಿಲ್ಲ, ಧಾರವಾಡದಾಗ ಸರ್ಕಾರದ ನಾಟಕ ಸಂಸ್ಥೆ ರಂಗಾಯಣನ ಐತಿ. ನಾಟಕ ಮುಗದ ಮ್ಯಾಲೆ ರೊಕ್ಕ ಕಟ್ಟೋ ಕಿಟಕಿ ಮಹಡಿಗೆ ಬರತೈತೋ ಇಲ್ಲೋ, ಅದನ್ನ ಹೇಳ್ರಿ.