ನೆರೆ ಬರ್ತದಾ ಇಲ್ವಾ, ಒಂದು ಹೇಳಿ ಮಾರಾಯ್ರೆ

ಹವಾಮಾನ ಮುನ್ಸೂಚನೆ ಯಾತಕ್ಕೆ ಅಂತ ಮಂಗಳೂರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ: ಶಾಲೆಗೆ ರಜೆ ಕೊಡಲಿಕ್ಕೆ. ಮಳೆಯ ಆರೆಂಜ್ ಅಲರ್ಟ್ ಬಂದರೆ ಆಸೆ, ರೆಡ್ ಬಂದರೆ ಖಾತ್ರಿ. ರಾತ್ರಿ ಡಿಸಿಯವರ ಪೇಜಿನ ಕೆಳಗೆ 'ಸರ್, ನಮ್ಮಲ್ಲಿ ಸಿಕ್ಕಾಪಟ್ಟೆ ಮಳೆ, ರಜೆ ಕೊಡಿ' ಅಂತ ಬರೆಯುವವರ ಮನೆಯ ಹೆಂಚು ಒಣಗಿರುತ್ತದೆ. ದಿನಕ್ಕೆ 204.4 ಮಿ.ಮೀ. ದಾಟಿದರೆ ರೆಡ್ ಎಂಬುದು ಗಣಿತದಲ್ಲಿ ಫೇಲಾದವನಿಗೂ ದಶಮಾಂಶ ಸಮೇತ ಬಾಯಿಪಾಠ. ರಜೆ ಕೊಟ್ಟ ದಿನ ಚಿಟಿಚಿಟಿ ಬಿಸಿಲು, ಕೊಡದ ದಿನ ಪಂಪ್‌ವೆಲ್‌ನಲ್ಲಿ ನಿಂತ ನೀರಲ್ಲಿ ಸ್ಕೂಟರ್ ತಳ್ಳುವುದು.

ನದಿಯ ಕಥೆ ಬೇರೆ. ಮಂಗಳೂರು ಪೇಟೆಯ ಹಂಪನಕಟ್ಟೆಯಲ್ಲಿ ಮೋಡ ನೋಡಿ ನೇತ್ರಾವತಿಯ ನೆರೆ ಹೇಳಲಿಕ್ಕಾಗುವುದಿಲ್ಲ. ಘಟ್ಟದಲ್ಲಿ ಮಳೆ ಸುರಿದು, ಸುಬ್ರಹ್ಮಣ್ಯದ ಕಡೆಯಿಂದ ಬರುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ಸೇರಿಕೊಂಡು, ಆಮೇಲೆ ಬಂಟ್ವಾಳದ ಪೇಟೆಗೆ ನೀರು ನುಗ್ಗಬೇಕು. ಹಾಗಾಗಿ ಈಗಿನ ವಿಜ್ಞಾನಿಗಳು ಒಂದೇ ಉತ್ತರ ಕೊಡುವುದಿಲ್ಲ. ಆರಂಭದ ಹವಾಮಾನದ ಅಂಕಿಗಳನ್ನು ಚೂರುಚೂರು ಬದಲಿಸಿ ಅದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ 50 ಸಲ ಓಡಿಸುತ್ತಾರೆ. 15 ಸಲ ನೀರು ಅಪಾಯದ ಗುರುತು ದಾಟಿತು ಅನ್ನಿ, ಆಗ ನೆರೆಯ ಸಾಧ್ಯತೆ ಶೇ. 30.

ಇದನ್ನು ನಮ್ಮ ಸಭೆಯಲ್ಲಿ ಹೇಳಿ ನೋಡಿ. 'ಅದೆಲ್ಲ ಸರಿ ಮಾರಾಯ್ರೆ, ನೆರೆ ಬರ್ತದಾ ಇಲ್ವಾ, ಒಂದು ಹೇಳಿ.' ಶೇ. 30 ಅಂದರೆ ಬರುವುದಿಲ್ಲ ಅಂತ ಬರೆದುಕೊಳ್ಳುತ್ತಾರೆ. ಬಂದರೆ ಮುನ್ಸೂಚನೆ ಸುಳ್ಳು! ಇದೇ ಜನ ಶೇ. 30 ಡಿಸ್ಕೌಂಟ್ ಅಂದರೆ ಮಾತ್ರ ಸೀರೆ ಅಂಗಡಿಯಲ್ಲಿ ಕ್ಯೂ ನಿಲ್ಲುತ್ತಾರೆ, ಅದು ಬೇರೆ ವಿಷಯ.

ನಿಜವಾಗಿ ಈ ಲೆಕ್ಕ ಬೇಕಾಗಿರುವುದು ಮಂಗಳೂರಿಗೆ ಕುಡಿಯುವ ನೀರು ಕೊಡುವ, ನೇತ್ರಾವತಿಯ ತುಂಬೆ ಡ್ಯಾಮಿಗೆ. ಮಳೆಗಾಲ ಮುಗಿಯುತ್ತಾ ಬಂದಾಗ ಡ್ಯಾಮಿನ ಗೇಟು ಯಾವಾಗ ಹಾಕಬೇಕು? ಬೇಗ ಹಾಕಿ ಹಿಂಗಾರು ಜೋರಾದರೆ ಡ್ಯಾಮಿನ ಹಿಂದೆ ನದಿದಂಡೆಯವರ ಅಡಿಕೆ ತೋಟಕ್ಕೆ ನೀರು, ಪರಿಹಾರದ ಜಗಳ. ತಡ ಮಾಡಿದರೆ ಮೇ ತಿಂಗಳಲ್ಲಿ ನಲ್ಲಿ ಬರೀ ಗಾಳಿ ಉಗುಳುತ್ತದೆ. ಎರಡೂ ಕಡೆ ಎಷ್ಟು ಅಪಾಯ ಅಂತ ತೂಗಿ ನೋಡಲಿಕ್ಕೇ ಅಲ್ವಾ ಸಾಧ್ಯತೆಯ ಲೆಕ್ಕ ಇರುವುದು? ನಮ್ಮಲ್ಲಿ ತೂಗುವುದಿಲ್ಲ, ಕಾಯುತ್ತೇವೆ. ಡ್ಯಾಮ್ ತುಂಬಿದರೆ ಬಾಗಿನ, ಖಾಲಿಯಾದರೆ ಪ್ರಾರ್ಥನೆ. 2019ರಲ್ಲಿ ರೇಷನಿಂಗ್ ಆಯಿತು, 2023ರಲ್ಲಿ ಮತ್ತೆ ಆಯಿತು, ಎರಡು ಸಲವೂ ಎಲ್ಲರಿಗೂ ಆಶ್ಚರ್ಯವೋ ಆಶ್ಚರ್ಯ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಊರಲ್ಲಿ ಬಕೆಟ್ ಹಿಡಿದು ಆಶ್ಚರ್ಯಪಡಲಿಕ್ಕೂ ಒಂದು ಧೈರ್ಯ ಬೇಕು ಬಿಡಿ.

ಈ ಊರಲ್ಲಿ ಸಾಧ್ಯತೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಅಂದರೆ ನೀರಿನ ಟ್ಯಾಂಕರಿನವರು. ಅವರು ಬರ್ತದಾ ಇಲ್ವಾ ಅಂತ ಯಾರನ್ನೂ ಕೇಳುವುದಿಲ್ಲ, ಮಾರ್ಚಿನಲ್ಲೇ ಸುಮ್ನೆ ಟಯರ್ ಬದಲಿಸಿ ಇಟ್ಟಿರುತ್ತಾರೆ.