ಅನುಭವ ಅಡ್ಡ ಬರುವುದೂ ಉಂಟು

‘ಆಂಬುಲೆನ್ಸ್‌ನಲ್ಲಿ ಐದಾರು ವರ್ಷ ದುಡಿದವರಿಗೆ ಪ್ಯಾರಾಮೆಡಿಕ್ ಕೋರ್ಸ್ ಸಲೀಸು’ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಕಾಸರಗೋಡಿನಿಂದ ತಲಪಾಡಿ ಗಡಿ ದಾಟಿಸಿ ಮಂಗಳೂರಿಗೆ ಏಳು ವರ್ಷ ರೋಗಿಗಳನ್ನು ಸಾಗಿಸಿದವ ನಾನು. ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವುದು, ಕೈಗೆ ಕೂತಿತ್ತು, ನಿಮಿಷಕ್ಕೆ 100ರಿಂದ 120 ಸಲ, ಎಣಿಸುವುದೇ ಬೇಡ. ಆದರೆ ಕೋರ್ಸ್ ಸೇರಿದ ಮೊದಲ ತಿಂಗಳೇ ಮೇಷ್ಟ್ರು ಒಂದು ಇಸಿಜಿ (ಹೃದಯ ಬಡಿತದ ನಕ್ಷೆ) ಹಾಳೆ ಮುಂದಿಟ್ಟು, ‘ಎದೆನೋವಿದೆ, ನಾಲಿಗೆಯಡಿ ನೈಟ್ರೋಗ್ಲಿಸರಿನ್ ಇಡಬಹುದಾ?’ ಅಂದರು. ಅದು ರಕ್ತನಾಳ ಹಿಗ್ಗಿಸುವ ಮಾತ್ರೆ. ಇಡಬಹುದು ಅಂದೆ, ಯೋಚಿಸಲೇ ಇಲ್ಲ. ಹಾರ್ಟ್ ಅಟ್ಯಾಕ್‌ನಲ್ಲಿ ಹೃದಯದ ಬಲಗಡೆಯ ಕೆಳಕೋಣೆಗೆ ಪೆಟ್ಟಾಗಿದ್ದರೆ ಇದರಿಂದ ಬಿಪಿ ಪಟ್ಟನೆ ಕುಸಿಯಬಹುದು, ಆ ಪೆಟ್ಟಿನ ಗುರುತು ಆ ಹಾಳೆಯಲ್ಲೇ ಇತ್ತು. ತೋರಿಸಿಕೊಟ್ಟವಳು ನಮ್ಮ ಕ್ಲಾಸಿನ, ಆಂಬುಲೆನ್ಸ್ ಹತ್ತಿಯೇ ಇರದ ಹುಡುಗಿ! ಹಾಗಾಗಿ ಹಳಬರೇ, ‘ನಾವು ಹೀಗೇ ಮಾಡೋದು’ ಅನ್ನೋ ಮಾತು ಕ್ಲಾಸಿನಲ್ಲಿ ಬೇಡ. ಔಷಧದ ಡೋಸ್ ಲೆಕ್ಕಕ್ಕೆ ಈಗಲೇ ಕೂತುಕೊಳ್ಳಿ. ನನಗಂತೂ ದಶಮಾಂಶ ಮರೆತೇ ಹೋಗಿತ್ತು.