ಅಕೌಂಟ್ಸ್‌ನವರು ಕೇಳ್ತಿದ್ದಾರೆ

"ಎಷ್ಟು ಕೊಡಬೇಕು?" ಎಂದು ಯಾರಾದರೂ ಕೇಳಿದರೆ "ಅಯ್ಯೋ, ನೀವು ಕೊಟ್ಟಷ್ಟು ಕೊಡಿ" ಎನ್ನುವುದು ನಮ್ಮ ಕಡೆಯ ಸಭ್ಯತೆ. ಮುಂಬಯಿಯಲ್ಲಿ ಹಾಗಂದರೆ ಅವರು ನಿಜಕ್ಕೂ ಕೊಟ್ಟಷ್ಟೇ ಕೊಡುತ್ತಾರೆ. ಅಂಧೇರಿಯ ಸ್ಟುಡಿಯೋಗಳಿಗೆ ಕನ್ನಡ ಡಬ್ಬಿಂಗ್ ಸ್ಕ್ರಿಪ್ಟು, ಲೋವರ್ ಪರೇಲಿನ ಏಜೆನ್ಸಿಗಳಿಗೆ ಕನ್ನಡ ಜಾಹೀರಾತು ಬರೆದುಕೊಡುವುದು ನನ್ನ ಕಸುಬು. ಶಾಂಪೂ ಹಾಕಿದ ಕೂದಲು ಕನ್ನಡದಲ್ಲಿ ಹೇಗೆ ಹೊಳೆಯಬೇಕೆಂದು ನಡುರಾತ್ರಿ ಫೋನ್ ಮಾಡಲು ಅವರಿಗೆ ಒಂದಿಷ್ಟೂ ಸಂಕೋಚವಿಲ್ಲ. ಹೋದ ತಿಂಗಳ ದುಡ್ಡನ್ನು ಹಗಲು ಹೊತ್ತಿನಲ್ಲಿ ಕೇಳಲು ನನಗೆ ಗಂಟಲು ಕಟ್ಟುತ್ತಿತ್ತು.

ಆಗ ಕಂಪನಿ ಮಾಡಿದೆ. 2013ರ ಕಂಪನಿ ಕಾಯ್ದೆಯಲ್ಲಿ ಒಬ್ಬನೇ ಮನುಷ್ಯ ಕಂಪನಿ ಮಾಡಲು ದಾರಿಯಿದೆ. ಷೇರುದಾರ ನಾನೇ, ನಿರ್ದೇಶಕನೂ ನಾನೇ. ನನಗೇನಾದರೂ ಆದರೆ ಕಂಪನಿಯನ್ನು ಯಾರು ನೋಡಿಕೊಳ್ಳುತ್ತಾರೆಂದು ಮೊದಲೇ ಒಬ್ಬರ ಹೆಸರು ಬರೆದು, ಅವರ ಒಪ್ಪಿಗೆಯನ್ನೂ ಕೊಡಬೇಕು. ಹೆಂಡತಿಯ ಹೆಸರು ಬರೆದೆ. ಸಹಿ ಹಾಕುವ ಮೊದಲು ಅವಳು ಕೇಳಿದ್ದು ಒಂದೇ: "ಬಾಕಿ ವಸೂಲಿನೂ ನನ್ನ ತಲೆಗೇ ಬರುತ್ತಾ?"

ನೋಂದಾಯಿತ ಕಚೇರಿ ಎಂದರೆ ದೊಂಬಿವಲಿಯ ನಮ್ಮ ಮನೆಯ ನಡುಕೋಣೆ. ಕಚೇರಿಯ ಹೊರಗೆ ಕಂಪನಿಯ ಹೆಸರು ಹಾಕಬೇಕು, ಆ ಊರಿನ ಭಾಷೆಯಲ್ಲೂ ಇರಬೇಕು ಎನ್ನುತ್ತದೆ ಕಾಯ್ದೆ. ಹಾಗಾಗಿ ಕನ್ನಡ ಬರೆದು ಹೊಟ್ಟೆ ಹೊರೆಯುವ ಕಂಪನಿಯ ಬೋರ್ಡು ಮಾವಿನ ತೋರಣದ ಪಕ್ಕ ಮರಾಠಿಯಲ್ಲಿ ನೇತಾಡುತ್ತಿದೆ. ಎದುರುಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಅದನ್ನು ಓದಿ, ಒಳಗೆ ಮಷೀನು ಏನಾದರೂ ಇಡುತ್ತೀರಾ ಎಂದು ವಿಚಾರಿಸಿದರು.

ಇನ್‌ವಾಯ್ಸ್ ಎಂಬ ಆ ಒಂದು ಪುಟದ ಬಿಲ್ಲನ್ನು ಹತ್ತಿರದಿಂದ ನೋಡಬೇಕು. ಮೇಲೆ ದಪ್ಪಕ್ಷರದಲ್ಲಿ ಕಂಪನಿಯ ಹೆಸರು, ಅದರ ಬಾಲಕ್ಕೆ ಕಂಸದಲ್ಲಿ ಓಪಿಸಿ, ಅಂದರೆ ಒಬ್ಬನೇ ಮನುಷ್ಯನ ಕಂಪನಿ, ಆಮೇಲೆ ಪ್ರೈವೇಟ್ ಲಿಮಿಟೆಡ್. ಕೆಳಗೆ 21 ಅಕ್ಷರಗಳ ಸಿಐಎನ್, ಅಂದರೆ ಕಂಪನಿಯ ಗುರುತಿನ ನಂಬರು. ಅದರ ಕೆಳಗೆ 15 ಅಕ್ಷರಗಳ ಜಿಎಸ್‌ಟಿ ನಂಬರು. ಅದರ ಮೊದಲೆರಡು ಅಂಕಿ 27, ಅಂದರೆ ಮಹಾರಾಷ್ಟ್ರ. ಕರ್ನಾಟಕದ್ದು 29. ಮುಂಬಯಿ ಪಾರ್ಟಿಗೆ ಬಿಲ್ ಮಾಡಿದರೆ ತೆರಿಗೆ ಕೇಂದ್ರಕ್ಕೆ ಶೇ. 9, ರಾಜ್ಯಕ್ಕೆ ಶೇ. 9. ಬೆಂಗಳೂರಿನವರಿಗೆ ಮಾಡಿದರೆ ಐಜಿಎಸ್‌ಟಿ ಎಂಬ ಅಂತರರಾಜ್ಯ ತೆರಿಗೆಯಾಗಿ ಒಟ್ಟಿಗೇ ಶೇ. 18. ಬೆಂಗಳೂರಿಗೆ ಕನ್ನಡ ಕಳಿಸಿದರೂ ಅದು ಹೊರರಾಜ್ಯದ ಸರಕು! ಇನ್‌ವಾಯ್ಸ್ ನಂಬರಿಗೂ ನಿಯಮವಿದೆ. ಕ್ರಮ ತಪ್ಪಬಾರದು, 16 ಅಕ್ಷರ ಮೀರಬಾರದು. ನನ್ನದು 001. ಅದನ್ನು ನೋಡಿದ ಯಾವ ಗುಮಾಸ್ತನಿಗೂ ಇವನು ಮೊನ್ನೆ ಮೊನ್ನೆ ಅಂಗಡಿ ತೆರೆದವನೆಂದು ಗೊತ್ತಾಗದೆ ಇರುವುದಿಲ್ಲ. ಸ್ವಲ್ಪ ದೊಡ್ಡ ನಂಬರಿನಿಂದ ಶುರು ಮಾಡಬಹುದಿತ್ತೇನೋ. ಆದರೆ ಕೂಸು ಹುಟ್ಟಿದ ದಿನವೇ ಮೀಸೆ ಅಂಟಿಸುವುದು ನನಗೆ ಸರಿಕಾಣಲಿಲ್ಲ.

ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ಕಡ್ಡಾಯವಲ್ಲ. ಆದರೆ ಏಜೆನ್ಸಿಯ ವೆಂಡರ್ ಫಾರಂನಲ್ಲಿ ಆ ಖಾನೆ ಖಾಲಿ ಬಿಟ್ಟರೆ ಮುಂದಿನ ಪುಟವೇ ತೆರೆಯುವುದಿಲ್ಲ. ಲೆಕ್ಕ ಹೀಗೆ: ಒಂದು ಲಕ್ಷದ ಕೆಲಸಕ್ಕೆ 1,18,000ದ ಬಿಲ್. ಪಾರ್ಟಿ ಆ ಒಂದು ಲಕ್ಷದ ಮೇಲೆ ಶೇ. 10 ಟಿಡಿಎಸ್, ಅಂದರೆ ಮೊದಲೇ ಹಿಡಿಯುವ ಆದಾಯ ತೆರಿಗೆ, ಮುರಿದು 1,08,000 ಹಾಕುತ್ತದೆ, ಹಾಕುವಾಗ. ನಾನು ಮಾತ್ರ ಆ 18,000ವನ್ನು ಮುಂದಿನ ತಿಂಗಳ 20ರೊಳಗೆ ಸರ್ಕಾರಕ್ಕೆ ಕಟ್ಟಿರಬೇಕು. ನಿನಗೆ ದುಡ್ಡು ಬಂತೇ ಎಂದು ಸರ್ಕಾರ ಕೇಳುವುದಿಲ್ಲ. ಬಿಲ್ ಮಾಡಿದೆಯಾ? ಕಟ್ಟು. ಬಾರದ ದುಡ್ಡಿಗೆ ತೆರಿಗೆ ಕಟ್ಟಿ ಬಂದ ದಿನ ಮನುಷ್ಯನಿಗೆ ಒಂಥರಾ ವೈರಾಗ್ಯ ಬರುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಮುಲುಂಡಿನ ಹೋಟೆಲಿನಲ್ಲಿ ಜೀವಮಾನವೆಲ್ಲ ಗಲ್ಲಾದ ಮೇಲೆ ಕೂತ ನನ್ನ ಮಾವನಿಗೆ, ಬಿಲ್ ಕೊಟ್ಟು ಅರವತ್ತು ದಿನ ದುಡ್ಡಿಗೆ ಕಾಯುವ ಈ ಪದ್ಧತಿ ಅರ್ಥವೇ ಆಗುವುದಿಲ್ಲ. "ಅರವತ್ತು ದಿವಸ ಅಂದ್ರೆ ಎಂತದು ಮಾರಾಯ? ಇಡ್ಲಿ ತಿಂದವ ಕೈ ತೊಳ್ದು, ಪೇಮೆಂಟ್ ಪ್ರೋಸೆಸ್‌ನಲ್ಲಿ ಉಂಟು ಹೇಳಿ ಹೋದ್ರೆ ನಾನು ಬಿಡ್ತೇನಾ?"

ಕಾಯ್ದೆ ಮಾವನ ಪಕ್ಷವೇ. ಉದ್ಯಮ್ ಎಂಬ ಸರ್ಕಾರಿ ಪಟ್ಟಿಯಲ್ಲಿ ನೋಂದಣಿ ಮಾಡಿಸಿದ ಸಣ್ಣ ಘಟಕಕ್ಕೆ, ಕರಾರಿನಲ್ಲಿ ಎಷ್ಟೇ ದಿನ ಬರೆದುಕೊಂಡಿದ್ದರೂ, 45 ದಿನದೊಳಗೆ ದುಡ್ಡು ಕೊಡಬೇಕು ಎನ್ನುತ್ತದೆ ಸಣ್ಣ ಉದ್ಯಮಗಳ 2006ರ ಕಾಯ್ದೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಓದಿದಾಗ ಮೈ ಜುಂ ಎಂದಿತು. ನಮ್ಮ ಸಿ.ಎ. ಕೂಡಲೇ ನೀರೆರಚಿದರು. "ಉದ್ಯಮ್ ನಂಬರು ಬಿಲ್ಲಿನ ಮೇಲೆ ಹಾಕಿ, ಚಂದ ಕಾಣ್ತದೆ. ಬಡ್ಡಿ ಕೇಳಿದ್ರೆ ಬಡ್ಡಿ ಬರ್ಬಹುದು, ಮುಂದಿನ ಕೆಲಸ ಬರ್ಲಿಕ್ಕಿಲ್ಲ." ಕಾನೂನಿಗಿಂತ ಮುಲಾಜು ಬಲವಾದದ್ದೆಂದು ಅವರು ಫೀಸು ತೆಗೆದುಕೊಂಡು ಹೇಳುತ್ತಾರೆ. ಅವರ ಬಿಲ್ಲಿಗೆ 45 ದಿನದ ಮಾತಿಲ್ಲ, ಮುಂಗಡ.

ಆದರೂ ಕಂಪನಿ ಮಾಡಿದ್ದು ಸಾರ್ಥಕವಾದದ್ದು ಒಂದು ಇಮೇಲ್‌ನಿಂದ. ನನ್ನ ಹೆಸರಿನ ವಿಳಾಸದ ಜೊತೆಗೆ 'ಅಕೌಂಟ್ಸ್' ಎಂಬ ಇನ್ನೊಂದು ವಿಳಾಸ ತೆರೆದೆ. ನಾನು ಬರೆದರೆ "ತಮಗೆ ಬಿಡುವಾದಾಗ ದಯವಿಟ್ಟು ಒಮ್ಮೆ" ಎಂದು ಬರೆಯುತ್ತೇನೆ. ಅಕೌಂಟ್ಸ್ ವಿಭಾಗಕ್ಕೆ ಆ ಬಿಡುವಿಲ್ಲ. ಇನ್‌ವಾಯ್ಸ್ ನಂಬರು, ತಾರೀಖು, ಮೊತ್ತ, ಎಷ್ಟು ದಿನ ಮೀರಿದೆ, ಯಾವತ್ತು ಹಾಕುತ್ತೀರಿ. ನಮಸ್ಕಾರವೂ ಇಲ್ಲ. ಅದನ್ನು ಟೈಪ್ ಮಾಡುವಾಗ ನನಗೇ ಆ ಮನುಷ್ಯನ ಮೇಲೆ ಸ್ವಲ್ಪ ಭಯ.

ಒಂದು ದಿನ ಅಂಥದೊಂದು ಪತ್ರ ಹೋದ ಮಧ್ಯಾಹ್ನವೇ ಏಜೆನ್ಸಿಯಿಂದ ಫೋನ್ ಬಂತು. ಸದಾ "ಹೋ ಜಾಯೇಗಾ ಸರ್" ಎನ್ನುವ ಹುಡುಗನ ದನಿ ಅಂದು ಮೆತ್ತಗಿತ್ತು. ನಿಮ್ಮ ಅಕೌಂಟ್ಸ್‌ನವರು ಬಹಳ ಸ್ಟ್ರಿಕ್ಟು ಸರ್, ಬುಧವಾರ ಹಾಕಿಬಿಡುತ್ತೇವೆ, ಅಲ್ಲಿತನಕ ಅವರಿಗೆ ನೀವೇ ಸ್ವಲ್ಪ ಹೇಳಿ ಎಂದ.

"ಹೇಳಿ ನೋಡ್ತೀನಪ್ಪ," ಎಂದೆ. "ಆದರೆ ಅವರು ನನ್ನ ಮಾತೂ ಕೇಳೋರಲ್ಲ."